ಕಲ್ಯಾಣಪ್ಪನಿಗೆ ಬಡಿದ ಗಾಳಿ

ನಮ್ಮ ಕಡೆ ಗಾಳಿ ಎಂಬ ಮಾತನ್ನು ನೋಡಿಕೊಂಡು ಆಡಬೇಕು. ಬೀಸಿದರೂ ಗಾಳಿಯೇ, ಮೈಮೇಲೆ ಬಂದರೂ ಗಾಳಿಯೇ. ‘ಗಾಳಿ ಬಡಿದಿದೆ’ ಎಂದು ಯಾರಾದರೂ ಅಂದರೆ ಸಾಕು, ಕೇಳಿದವರು ಮೊದಲು ಅವನ ಕಣ್ಣು ನೋಡುತ್ತಾರೆ, ಆಮೇಲೆ ನಿಂಬೆಹಣ್ಣು ಹುಡುಕುತ್ತಾರೆ. ಲಿಂಗ ಕಟ್ಟಿದವರಿಗೆ ಭೂತ ಬಡಿಯುವುದಿಲ್ಲ ಎಂದು ಪುರಾಣದಲ್ಲಿ ಕೇಳಿ ತಲೆದೂಗಿದವರೇ ಮನೆಗೆ ಬಂದು ಬಾಗಿಲಿಗೆ ನಿಂಬೆಹಣ್ಣು ಕಟ್ಟುತ್ತಾರೆ. ಇದೆಲ್ಲ ಕಲ್ಯಾಣಪ್ಪನಿಗೆ ಗೊತ್ತಿರಲಿಲ್ಲ ಅಂತಲ್ಲ. ಆದರೂ ಒಂದು ಸಂಜೆ ಅವನ ಬಾಯಿಂದ ಆ ಮಾತು ಜಾರಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ನಾನಾಗ ಅಫಜಲಪುರದಲ್ಲಿ ಶಾಲೆ ಮಾಸ್ತರ. ಎಂಬತ್ತಾರನೇ ಇಸವಿ. ನಾನು ಬಾಡಿಗೆಗಿದ್ದ ಮನೆಗೂ ಕಲ್ಯಾಣಪ್ಪನ ಮನೆಗೂ ನಡುವೆ ಒಂದೇ ಗೋಡೆ, ಅದೂ ತೆಳುವಾದ ಗೋಡೆ. ಹಾಗಾಗಿ ಅವರ ಮನೆಯ ಮಾತು ನನಗೆ ಕೇಳಿಸುತ್ತಿತ್ತು. ಕಿವಿಗೊಟ್ಟು ಕೇಳುತ್ತಿದ್ದೆನೇ ಎಂದು ಯಾರಾದರೂ ಕೇಳಿದರೆ, ಹೌದು, ಕೇಳುತ್ತಿದ್ದೆ.

ಕಲ್ಯಾಣಪ್ಪ ಮಷಿನ್ ಮಿಸ್ತ್ರಿ. ಟೇಲರುಗಳ ಹೊಲಿಗೆ ಮಷಿನ್ ರಿಪೇರಿ ಮಾಡುವುದು ಅವನ ಕಸುಬು. ಅಂಗಡಿ ಇರಲಿಲ್ಲ, ಹಳೆಯದೊಂದು ಬುಲೆಟ್ಟೇ ಅಂಗಡಿ. ಹಿಂದಿನ ಸೀಟಿನ ಮೇಲೆ ಕಟ್ಟಿದ ತಗಡಿನ ಪೆಟ್ಟಿಗೆಯಲ್ಲಿ ಸೂಜಿ, ಬಾಬಿನ್, ಬೆಲ್ಟು, ಎಣ್ಣೆಡಬ್ಬಿ. ಸೋಮವಾರ ಆಳಂದ, ಬುಧವಾರ ಜೇವರ್ಗಿ, ಮರುದಿನ ಇಜೇರಿ, ಯಡ್ರಾಮಿ. ಬುಲೆಟ್ಟಿನ ಸದ್ದು ಊರ ಅಗಸಿಯಲ್ಲಿ ಕೇಳುತ್ತಿದ್ದಂತೆ ಟೇಲರುಗಳು ಕೆಟ್ಟ ಮಷಿನ್ನನ್ನು ಕಟ್ಟೆಯ ಮೇಲೆ ತಂದಿಟ್ಟು ಕಾಯುತ್ತಿದ್ದರು. ಯಾವ ಮಷಿನ್ ಯಾಕೆ ದಾರ ಹರಿಯುತ್ತದೆ ಎಂದು ಅವನು ಸಪ್ಪಳ ಕೇಳಿಯೇ ಹೇಳುತ್ತಿದ್ದ.

ಅದಕ್ಕೆ ಮೊದಲು ಆರು ವರ್ಷ ಅವನು ಹೆಂಡತಿಯ ತಮ್ಮ ಗುರಣ್ಣನ ಅರಿವೆ ಅಂಗಡಿಯಲ್ಲಿ ಗಾದಿಯ ತುದಿಗೆ ಕೂತು ಬಟ್ಟೆ ಅಳೆದಿದ್ದ. ಗುರಣ್ಣ ಕೆಟ್ಟವನಲ್ಲ. ಆದರೆ ಗಿರಾಕಿಗಳ ಮುಂದೆ ‘ನಮ್ಮ ಅಂಗಡಿ’ ಎನ್ನುವಾಗ ಅವನದೊಂದು ರಾಗ, ‘ನಮ್ಮ ಮಾಮಾ’ ಎನ್ನುವಾಗ ಇನ್ನೊಂದು ರಾಗ. ಆರು ವರ್ಷದಲ್ಲಿ ಕಲ್ಯಾಣಪ್ಪ ನಕ್ಕಿದ್ದನ್ನು ಯಾರೂ ನೋಡಿರಲಿಲ್ಲವಂತೆ. ಬುಲೆಟ್ ಬಂದ ಮೇಲೆ ಅವನು ನಗುವುದಿರಲಿ, ಒಬ್ಬನೇ ಇದ್ದಾಗ ಸಿಳ್ಳೆ ಕೂಡ ಹಾಕುತ್ತಿದ್ದ. “ಮಾಸ್ತರ, ಈ ಗಾಡಿ ಇಲ್ಲಂದ್ರ ನಾ ಮತ್ತ ಗಾದಿ ತುದೀಗೇ” ಎಂದು ಒಮ್ಮೆ ನನಗೆ ಹೇಳಿದ್ದ. ಹೇಳಿ ಎದ್ದು ಹೋಗಿ ಬುಲೆಟ್ಟಿನ ಪೆಟ್ರೋಲ್ ಟಾಕಿಯನ್ನು ಸುಮ್ಮನೆ ಒರೆಸಿ ಬಂದ.

ಕಷ್ಟ ಒಂದೇ. ಆ ಬುಲೆಟ್ಟಿಗೆ ಮುಂದೆ ಗಾಳಿ ತಡೆಯುವಂಥದ್ದು ಏನೂ ಇರಲಿಲ್ಲ. ಆಳಂದದಿಂದ ಜೇವರ್ಗಿಯವರೆಗೆ ಬಯಲೇ ಬಯಲು, ಗಾಳಿಗೆ ಅಡ್ಡ ಇದ್ದದ್ದು ಕಲ್ಯಾಣಪ್ಪನ ಎದೆಯೊಂದೇ. ಗಾಡಿ ಇಳಿದ ಮೇಲೆ ಅರ್ಧ ತಾಸು ಅವನ ಕಣ್ಣಲ್ಲಿ ನೀರು ನಿಲ್ಲುತ್ತಿರಲಿಲ್ಲ, ಕಿವಿಯಲ್ಲಿ ಗುಂಯ್‌ಗುಡುವುದು ನಿಲ್ಲುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸಲು ಹೋದರೆ ಒಂದು ಸೂಜಿ ಮೂರಾಗಿ ಕಾಣುವುದು. ಕಪ್ಪು ಚಶ್ಮಾ ಹಾಕಿ ನೋಡಿದ, ಕೆಳಗಿನಿಂದ ಧೂಳು ನುಗ್ಗಿತು. ಟವೆಲ್ ಸುತ್ತಿದ, ಹಾರಿ ಹೋಯಿತು. ಇಜೇರಿಯಲ್ಲಿ ಹೊಲಿಗೆ ಹಾಕುವ ಪ್ಯಾರಿಬಿ ಒಮ್ಮೆ ಅವನ ಕೈಯಿಂದ ಸೂಜಿ ಕಸಿದುಕೊಂಡು ತಾನೇ ಪೋಣಿಸಿ ಕೊಟ್ಟಳು.

“ಮಿಸ್ತ್ರಿ, ಮಷಿನ್ ಆಮ್ಯಾಲ ನೋಡ್ರಿ. ಮೊದ್ಲ ನಿಮ್ಮ ಕಣ್ಣು ರಿಪೇರಿ ಮಾಡ್ಸಕೊಳ್ರಿ.”

ಅದೇ ಸಂಜೆ ಮಾತು ಜಾರಿದ್ದು. ಮನೆಗೆ ಬಂದವನೇ ಪಡಸಾಲೆಯಲ್ಲಿ ತಲೆ ಹಿಡಿದು ಕೂತ. ಹೆಂಡತಿ ಸುಭದ್ರಾಬಾಯಿ ನೀರು ಕೊಟ್ಟು, ಏನಾಯಿತು ಎಂದು ಕೇಳಿದಳು.

“ಗಾಳಿ ಬಡದದ. ಭೀಮಾ ದಾಟೂ ಮುಂದ ಭಾಳ ಬಡೀತು. ತಲೀ ನಿಲ್ಲವಲ್ದು.”

ನದಿ ದಾಟುವಾಗ, ಗಾಳಿ, ತಲೆ. ಇನ್ನೇನು ಬೇಕು? ಕಂಬದ ಹಿಂದೆ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದ ಅವನ ಅತ್ತೆ ಗಂಗಾಬಾಯಿಯ ಕೈಯಿಂದ ಮೊರ ಜಾರಿ ಬಿತ್ತು.

ಗಂಗಾಬಾಯಿ ಇದ್ದದ್ದು ಅದೇ ಓಣಿಯಲ್ಲಿ, ಮಗ ಗುರಣ್ಣನ ಮನೆಯಲ್ಲಿ. ದಿನಾ ಸಂಜೆ ಮಗಳ ಮನೆಗೆ ಬರುತ್ತಿದ್ದಳು. ಆದರೆ ಹಳೆಯ ಕಾಲದ ಹೆಂಗಸು, ಅಳಿಯನ ಎದುರು ಮುಖ ಕೊಟ್ಟು ಮಾತಾಡುವವಳಲ್ಲ. ಸೆರಗು ಹಣೆಯವರೆಗೆ ಎಳೆದು, ಪಡಸಾಲೆಯ ಕಂಬದ ಹಿಂದೆ ನಿಂತು ‘ಸುಭದ್ರಾ, ಅವ್ರಿಗಿ ಹೇಳು’ ಎನ್ನುವಳು. ಸುಭದ್ರಾ ನೀರಿಗೆ ಹೋಗಿದ್ದರೂ ‘ಸುಭದ್ರಾ, ಅವ್ರಿಗಿ ಹೇಳು’ ಎಂದೇ ಕಂಬಕ್ಕೆ ಹೇಳುವಳು. ಅವನೂ ‘ಅತ್ತಿಯವರಿಗಿ ಹೇಳು’ ಎಂದು ಅದೇ ಕಂಬಕ್ಕೆ ಉತ್ತರ ಕೊಡುವನು. ಮದುವೆಯಾಗಿ ಹನ್ನೊಂದು ವರ್ಷ, ಆ ಕಂಬದಷ್ಟು ಕೆಲಸ ಮಾಡಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

“ಸುಭದ್ರಾ, ಅವ್ರಿಗಿ ಹೇಳು. ಇನ್ನ ಮ್ಯಾಲ ಆ ಗಾಡಿ ಹತ್ತೂದು ಬ್ಯಾಡ.”

“ಅತ್ತಿಯವರಿಗಿ ಹೇಳು. ಇದು ಬೀಸೂ ಗಾಳಿ, ಬಡಿಯೂ ಗಾಳಿ ಅಲ್ಲ.”

“ಬೀಸದೇ ಬಡಿಯೂ ಗಾಳಿ ಯಾವ್ದದ ಕೇಳು.”

ಕಲ್ಯಾಣಪ್ಪ ಮತ್ತೆ ತಲೆ ಹಿಡಿದುಕೊಂಡ. ಗೋಡೆಯ ಈಚೆ ಕೂತಿದ್ದ ನಾನೂ ತಲೆದೂಗಿದೆ.

ಎರಡೇ ದಿನದಲ್ಲಿ ಓಣಿಗೆಲ್ಲ ಗೊತ್ತಾಯಿತು. ಗಂಗಾಬಾಯಿ ಘತ್ತರಗಿಯ ಭಾಗ್ಯವಂತಿ ದೇವಿಗೆ ಹರಕೆ ಹೊತ್ತಳು. ಗುರಣ್ಣ ಬುಲೆಟ್ ಕೊಳ್ಳಲು ಯಡ್ರಾಮಿಯ ಒಬ್ಬ ಗುತ್ತಿಗೆದಾರನನ್ನು ಗೊತ್ತು ಮಾಡಿ, “ಮಾಮಾ, ಗಾದಿ ಖಾಲಿ ಅದ, ಬರ್ರಿ” ಎಂದ. ಸುಭದ್ರಾಬಾಯಿ ಒಂದು ಹೊತ್ತಿನ ಊಟ ಬಿಟ್ಟಳು. ಹೆಂಡತಿ ಊಟ ಬಿಟ್ಟರೆ ಎಂಥ ಗಂಡಸೂ ಬಗ್ಗುತ್ತಾನೆ. ಕಲ್ಯಾಣಪ್ಪ ಕೊರಳ ಲಿಂಗ ಮುಟ್ಟಿ ಕಂಬದ ಮುಂದೆ ಮಾತು ಕೊಟ್ಟ: ಮೂರನೇ ಅಮಾವಾಸ್ಯೆಯೊಳಗೆ ತನ್ನ ಕಣ್ಣು ನೆಟ್ಟಗಾಗದಿದ್ದರೆ ಗಾಡಿ ಮಾರುತ್ತೇನೆ. ಪರೀಕ್ಷೆಯನ್ನು ಗೊತ್ತು ಮಾಡಿದವಳು ಗಂಗಾಬಾಯಿ. ಗಾಳಿ ಹಿಡಿದವರಿಗೆ ಸೂಜಿಯ ಕಣ್ಣು ಕಾಣುವುದಿಲ್ಲ ಎಂಬುದು ಅವಳ ನಂಬಿಕೆ. ಆ ಮೂರನೇ ಅಮಾವಾಸ್ಯೆಯ ದಿನ ಘತ್ತರಗಿಗೆ ಬುಲೆಟ್ ಮೇಲೆ ಬರಬೇಕು, ಇಳಿದ ಕೂಡಲೇ, ಕಣ್ಣೊರೆಸದೆ, ಸೂಜಿಗೆ ದಾರ ಪೋಣಿಸಬೇಕು. ಆಗದಿದ್ದರೆ ಮರುದಿನ ಗುತ್ತಿಗೆದಾರ ಬಂದು ಗಾಡಿ ಒಯ್ಯುತ್ತಾನೆ.

ಆವತ್ತಿನಿಂದ ಕಲ್ಯಾಣಪ್ಪ ಗಾಳಿಯ ಬೆನ್ನು ಹತ್ತಿದ. ಬುಲೆಟ್ಟಿನ ಮುಂದೆ ಕೂಡಿಸುವ ಪ್ಲಾಸ್ಟಿಕ್ ಗಾಜು ಹೈದರಾಬಾದಿನಲ್ಲಿ ಸಿಗುತ್ತದೆಂದು ಕೇಳಿ ಒಬ್ಬ ಲಾರಿ ಡ್ರೈವರನ ಕೈಯಲ್ಲಿ ತರಿಸಿದ. ಊಟದ ಗಂಗಾಳದಷ್ಟು ಅಗಲ, ಎದೆಮಟ್ಟ ಎತ್ತರ. ಹಾಕಿ ಓಡಿಸಿದರೆ ಎದೆಗೆ ಬಡಿಯುವ ಗಾಳಿ ನಿಂತಿತು ಖರೆ, ಆದರೆ ಗಾಜಿನ ಅಂಚು ಜಿಗಿದು ಬಂದ ಗಾಳಿ ನೆಟ್ಟಗೆ ಹಣೆಗೆ ಹೊಡೆಯತೊಡಗಿತು. ಮೊದಲು ಮೈತುಂಬ ಹರಡಿ ಬರುತ್ತಿದ್ದದ್ದು ಈಗ ಒಂದೇ ಕಡೆ. ಕತ್ತು ಅಲ್ಲಾಡಿಸುತ್ತ, ತಲೆಯ ಮೇಲೆ ಒಂದು ಕೈ ಇಟ್ಟುಕೊಂಡು ಬರುತ್ತಿದ್ದ ಅವನನ್ನು ನೋಡಿ ಜನ, “ಗಾಳಿ ಏರಾಕತ್ತದ ನೋಡ್ರಿ” ಎಂದರು. ಮೊದಲ ಅಮಾವಾಸ್ಯೆ ಹೋಯಿತು.

ಆಳಂದದಲ್ಲಿ ಅವನ ಗೆಳೆಯ ಲಾಡ್ಲೆಸಾಬನ ಅಂಗಡಿ ಇತ್ತು. ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ. ಬಸವಣ್ಣನಿಗೂ ಮಕ್ಕಾ ಮದೀನಾಕ್ಕೂ ಒಂದೇ ಗಾಜು ಕೊಯ್ಯುತ್ತಿದ್ದ. ಕಲ್ಯಾಣಪ್ಪನ ಕತೆ ಕೇಳಿ ಅವನು ಹೊಟ್ಟೆ ಹಿಡಿದು ನಕ್ಕ.

“ಮಿಸ್ತ್ರಿ, ಇಷ್ಟು ವರ್ಷ ದೇವರಿಗಿ ಗಾಜು ಹಾಕೀನಿ. ದೆವ್ವಕ್ಕ ಹಾಕೂದು ಇದ ಮೊದ್ಲ.”

“ನಗಬ್ಯಾಡೋ ಮಾರಾಯ. ನನ್ನ ಬಾಳೇವು ಅದ ಇದ್ರಾಗ.”

ಲಾಡ್ಲೆಸಾಬ ನಗು ನಿಲ್ಲಿಸಿದ. ಸೊಲ್ಲಾಪುರದಿಂದ ಪ್ಲಾಸ್ಟಿಕ್ ಗಾಜಿನ ಹಾಳೆ ತರಿಸಿ, ಕಲ್ಯಾಣಪ್ಪನನ್ನು ಗಾಡಿ ಮೇಲೆ ಕೂಡಿಸಿ, ಮೂಗಿನ ತುದಿಯವರೆಗೆ ಅಳತೆ ತೆಗೆದ. ಕೆಂಡದ ಮೇಲೆ ಕಾಯಿಸಿ ಮೇಲಿನ ಅಂಚನ್ನು ಎರಡು ಬೆರಳಷ್ಟು ಹೊರಗೆ ಬಾಗಿಸಿದ, ಗಾಳಿ ತಲೆಯ ಮೇಲಿಂದ ಹಾರಿಹೋಗಲಿ ಎಂದು. ಮೊದಲನೆಯದು ಹಪ್ಪಳದಂತೆ ಸುರುಟಿತು. ಎರಡನೆಯದು ಬಾಗಿತು.

ಆ ಗಾಜಿನಿಂದ ಹಣೆಗೆ ಹೊಡೆಯುವುದು ನಿಂತಿತು. ಈಗ ಬೇರೆಯೇ ತಂಟೆ. ಗಾಳಿ ಎದುರಿಗಿಲ್ಲ, ಆದರೆ ಹಿಂದಿನಿಂದ ಯಾರೋ ತಲೆ ದೂಡಿದ ಹಾಗೆ ಆಗುತ್ತಿತ್ತು. ಧೂಳು ಕೆಳಗಿನಿಂದ ಎದ್ದು ಕಣ್ಣಿಗೇ ಬರುತ್ತಿತ್ತು. ಎದುರಿಗೆ ಇಲ್ಲದ ಗಾಳಿ ಹಿಂದಿನಿಂದ ದೂಡುವುದೆಂದರೆ ಏನು? ಒಂದು ಕ್ಷಣ ನನಗೂ ಅಳುಕಾಯಿತು, ಸುಳ್ಳು ಯಾಕೆ ಹೇಳಲಿ. ಕಲ್ಯಾಣಪ್ಪ ಮಾತ್ರ ಕಸುಬುದಾರ. ಕಾಣದ್ದನ್ನು ಕಾಣುವಂತೆ ಮಾಡಬೇಕು ಎಂದು ಪೆಟ್ಟಿಗೆ ತೆರೆದು, ಹೊಲಿಗೆ ದಾರದ ಗೇಣುದ್ದ ತುಂಡುಗಳನ್ನು ಗಾಜಿನ ಒಳಗೂ ಹೊರಗೂ ಅಂಟಿಸಿದ. ಹೊರಗೆ ಕೆಂಪು, ಒಳಗೆ ಕರಿ. ದಾರ ಯಾವ ಕಡೆ ಹಾರುತ್ತದೋ ಗಾಳಿಯೂ ಆ ಕಡೆ.

ನಾಲ್ಕು ಮೈಲಿ ಓಡಿಸಿ ಬಂದವನ ಮುಖ ಬಿಳಿಚಿತ್ತು. ಹೊರಗಿನ ಕೆಂಪು ದಾರ ಸರಿಯಾಗಿ ಹಿಂದಕ್ಕೆ ಹಾರುತ್ತಿತ್ತು. ಒಳಗಿನ ಕರಿದಾರ ಉಲ್ಟಾ, ಮುಂದಕ್ಕೆ, ಗಾಜಿನ ಕಡೆಗೇ ತಿರುಗಿ ಮೇಲಕ್ಕೆ ಏರುತ್ತಿತ್ತು.

ಕೆಂಪು ದಾರ, ಕರಿದಾರ ಕಟ್ಟಿದ ಗಾಡಿ ಕಂಡ ಮೇಲೆ ಊರಿನವರಿಗೆ ಇನ್ನು ಸಂಶಯ ಉಳಿಯಲಿಲ್ಲ. ಜೇವರ್ಗಿಯ ಸಂತೆಯಲ್ಲಿ ಅವನು ಚಹಾ ಕುಡಿದು ಬರುವಷ್ಟರಲ್ಲಿ ಯಾರೋ ಪುಣ್ಯಾತ್ಮರು ಹ್ಯಾಂಡಲಿಗೆ ಒಂದು ನಿಂಬೆಹಣ್ಣು, ನಾಲ್ಕು ಮೆಣಸಿನಕಾಯಿ ಕಟ್ಟಿ ಹೋಗಿದ್ದರು. ಎರಡನೇ ಅಮಾವಾಸ್ಯೆಯೂ ಹೋಯಿತು.

ಅವತ್ತು ರಾತ್ರಿ ಊಟಕ್ಕೆ ಕೂತು ಅವನು ಹೆಂಡತಿಯ ಎದುರು ಸೋತ ದನಿಯಲ್ಲಿ ಎಲ್ಲ ಹೇಳಿದ. ಉಲ್ಟಾ ಹಾರುವ ದಾರದ ಸುದ್ದಿ ಬಂದಾಗ ಕಂಬದ ಹಿಂದೆ ಮೊರದ ಸಪ್ಪಳವಾಯಿತು. ಇನ್ನು ಮುಗಿಯಿತು, ಮುದುಕಿ ಇದನ್ನೇ ಸಾಕ್ಷಿ ಮಾಡುತ್ತಾಳೆ ಎಂದು ನಾನು ಗೋಡೆಯ ಈಚೆ ಹಲ್ಲು ಕಚ್ಚಿದೆ. ಆದರೆ ಗಂಗಾಬಾಯಿ ಹುಟ್ಟಿದಾಗಿನಿಂದ ಕಣದಲ್ಲಿ ರಾಶಿ ಮಾಡಿದವಳು, ಮೊರ ಎತ್ತಿ ಜೋಳ ತೂರಿದವಳು. ಗಾಳಿಯ ವಿಷಯದಲ್ಲಿ ಯಾರಾದರೂ ತಪ್ಪು ಮಾಡುತ್ತಿದ್ದರೆ ಅವಳಿಗೆ ಸುಮ್ಮನಿರಲು ಆಗುತ್ತಿರಲಿಲ್ಲ, ಆ ತಪ್ಪಿನಿಂದ ತನ್ನ ಮಾತೇ ಗೆಲ್ಲುವಂತಿದ್ದರೂ.

“ಸುಭದ್ರಾ, ಅವ್ರಿಗಿ ಕೇಳು. ಗ್ವಾಡಿ ಮರೀಗಿ ನಿಂತು ರಾಶಿ ತೂರಿದ್ರ ಹೊಟ್ಟು ಎಲ್ಲಿ ಬೀಳ್ತದ?”

ಕಲ್ಯಾಣಪ್ಪ ತಲೆ ಎತ್ತಿದ. “ತಿರುಗಿ ತೂರಾವ್ರ ಮಾರೀಗೇ ಬರ್ತದ.”

“ಮತ್ತ? ಗ್ವಾಡಿ ಹಾರಿದ ಗಾಳಿ ಗ್ವಾಡಿ ಹಿಂದ ಸುತ್ತಿ ಬರ್ತದ. ನಮ್ಮ ಕಣದ ಗ್ವಾಡೀಗಿ ಬುಡದಾಗ ಕಿಂಡಿ ಬಿಟ್ಟಿದ್ರು. ಗಾಳಿಗಿ ದಾರಿ ಬಿಟ್ರ ಅದು ತಿರುಗಿ ಬರಲ್ಲ ಅಂತ ಹೇಳು.”

ಕಲ್ಯಾಣಪ್ಪ ಊಟ ಅರ್ಧಕ್ಕೆ ಬಿಟ್ಟು ಎದ್ದ. ಹೊರಗೆ ಬಂದು ಬ್ಯಾಟರಿ ಬೆಳಕಿನಲ್ಲಿ ಗಾಜಿನ ಬುಡ ನೋಡಿದ. ಲಾಡ್ಲೆಸಾಬ ಫೋಟೊಕ್ಕೆ ಕಟ್ಟು ಹಾಕುವವನು, ರೂಢಿಯಂತೆ ಬುಡದಲ್ಲಿ ಒಂದು ಎಳೆ ಸಂದೂ ಬಿಡದೆ ಭದ್ರವಾಗಿ ಕೂಡಿಸಿದ್ದ. ಫೋಟೊಕ್ಕೆ ಅದೇ ಸರಿ, ಬುಲೆಟ್ಟಿಗೆ ಅದೇ ತಪ್ಪು.

ಮರುದಿನ ಆಳಂದದಲ್ಲಿ ಲಾಡ್ಲೆಸಾಬ ಬುಡದಲ್ಲಿ ನಾಲ್ಕು ಬೆರಳಗಲ ಸೀಳು ಕೊಯ್ದ. ಆಮೇಲೆ ಕಲ್ಯಾಣಪ್ಪ ಗಾಡಿಯನ್ನು ಓಡಿಸಿದ ಓಟ ಆಳಂದದವರು ನೋಡಿದ್ದಾರೆ. ಕರಿದಾರಗಳು ಗಿರಾಕಿ ಇಲ್ಲದ ಟೇಲರನಂತೆ ಸುಮ್ಮನೆ ಜೋತುಬಿದ್ದಿದ್ದವು. ತಲೆ ನಿಂತಿತು, ಕಿವಿಯ ಸದ್ದು ನಿಂತಿತು, ಕಣ್ಣು ಒಣಗಿತು. ಅವನು ಅಂಗಡಿಯ ಮುಂದೆ ಇಳಿದು ಲಾಡ್ಲೆಸಾಬನನ್ನು ಎತ್ತಿಕೊಂಡೇ ಬಿಟ್ಟ. ಮುಂದೆ ಬಹಳ ವರ್ಷ ಆ ತಾಲೂಕುಗಳ ದನದ ಡಾಕ್ಟರರು, ಹಾಲಿನವರು ಬಂದು ತಮ್ಮ ಗಾಡಿಗೂ ಅಂಥ ಗಾಜು ಹಾಕಿಸಿಕೊಂಡರು. ‘ಗಾಳಿ ಬಿಡಿಸುವ ಲಾಡ್ಲೆಸಾಬ’ ಎಂದು ಹೆಸರಾಯಿತು. ಆ ಹೆಸರು ಕೇಳಿ ಯಾವುದೋ ಊರಿನವರು ಮೈಮೇಲೆ ಬರುವ ಸೊಸೆಯನ್ನೇ ಚಕ್ಕಡಿ ಕಟ್ಟಿಕೊಂಡು ಕರೆತಂದಿದ್ದರಂತೆ. ಅವನು ಅವರಿಗೆ ಚಹಾ ಕುಡಿಸಿ, ಹುಡುಗಿಗೆ ನಾಲ್ಕು ದಿನ ನೀರು ಹೊರಿಸಬೇಡಿ, ಮಲಗಲು ಬಿಡಿ ಎಂದು ಹೇಳಿ ಕಳಿಸಿದ. ಗುಣವಾಯಿತೆಂದೂ ಕೇಳಿದ್ದೇನೆ.

ಆದರೆ ಕಲ್ಯಾಣಪ್ಪ ಕೊಟ್ಟ ಮಾತು ಹಾಗೇ ಇತ್ತು. ಅಮಾವಾಸ್ಯೆಯ ದಿನ ಸೂಜಿ ಪೋಣಿಸಲೇಬೇಕು.

ಅವತ್ತು ಬೆಳಿಗ್ಗೆ ನಾವೆಲ್ಲ ಬಸ್ಸಿನಲ್ಲಿ, ಅವನು ಬುಲೆಟ್ ಮೇಲೆ ಎಂದು ಮೊದಲೇ ನಿಗದಿಯಾಗಿತ್ತು. ಅಮಾವಾಸ್ಯೆಯ ಘತ್ತರಗಿ ಬಸ್ಸು ಎಂದರೆ ಕಿಟಕಿಯಲ್ಲೂ ಜನ. ನಾನು, ಸುಭದ್ರಾಬಾಯಿ, ಗುರಣ್ಣ ಹೇಗೋ ಒಳಗೆ ಸೇರಿದೆವು. ಕಾಯಿ ಕರ್ಪೂರದ ಚೀಲ ಹಿಡಿದ ಗಂಗಾಬಾಯಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಷ್ಟೇ, ಬಸ್ಸು ಹೊರಟಿತು. ನಾವು ಕೂಗಿದ್ದು ಕಂಡಕ್ಟರನಿಗೆ ಕೇಳಲಿಲ್ಲ, ಅಥವಾ ಕೇಳಲಿಲ್ಲವೆಂದು ಅವನು ತೋರಿಸಿಕೊಂಡ. ಹಿಂದಿನ ಗಾಜಿನಲ್ಲಿ ಮುದುಕಿ ಚೀಲದೊಂದಿಗೆ ನಿಂತದ್ದು, ಅವಳ ಪಕ್ಕದಲ್ಲಿ ಬುಲೆಟ್ ಬಂದು ನಿಂತದ್ದು ಕಾಣಿಸಿತು.

ಮುಂದಿನದನ್ನು ಕಲ್ಯಾಣಪ್ಪನೇ ನನಗೆ ಹೇಳಿದ್ದು. ಗಂಗಾಬಾಯಿ ಬಹಳ ಹೊತ್ತು ಹತ್ತಲಿಲ್ಲ. ಕೊನೆಗೆ ಇಬ್ಬರ ನಡುವೆ ತಗಡಿನ ಪೆಟ್ಟಿಗೆ ಇಟ್ಟು ಕಟ್ಟಿದ ಮೇಲೆ, ಒಂದೇ ಕಡೆ ಕಾಲು ಹಾಕಿ, ಪೆಟ್ಟಿಗೆಯನ್ನು ಅಪ್ಪಿ ಹಿಡಿದು ಕೂತಳು. ಊರು ದಾಟಿತು. ಎರಡೂ ಕಡೆ ಹಿಂಗಾರಿ ಜೋಳ. ಗಾಳಿ ಗಾಜಿನ ಆಚೆ ಸುಯ್ಯೆಂದು ಹೋಗುತ್ತಿತ್ತು, ಈಚೆ ಎಲ್ಲ ಸುಮ್ಮನಿತ್ತು. ಆಗ ಬೆನ್ನ ಹಿಂದಿನಿಂದ ಒಂದು ಸಣ್ಣ ದನಿ ಬಂತು.

“ನಿಮ್ಮ ಮಾವನೋರು ಹೀಂಗೇ ಒಂದ್ ಸಂಜೀಕ ಹೊಲದಿಂದ ಬಂದ್ರು.”

ಕಲ್ಯಾಣಪ್ಪ ತಿರುಗಲಿಲ್ಲ. ತಿರುಗಿದರೆ ಮಾತು ನಿಲ್ಲುತ್ತದೆಂದು ಅವನಿಗೆ ಗೊತ್ತಿತ್ತು. ಅಲ್ಲಿ ಸುಭದ್ರಾ ಇರಲಿಲ್ಲ, ಕಂಬ ಇರಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅತ್ತೆ ‘ನಿಮ್ಮ’ ಅಂದಿದ್ದಳು. ಅವನು ಗಾಡಿಯನ್ನು ನಿಧಾನ ಮಾಡಿದ.

“ಬಂದು, ಗಾಳಿ ಬಡದದ ಅಂದ್ರು. ನಾ ನಕ್ಕೆ. ಇಷ್ಟು ದೊಡ್ಡ ಗಂಡಸ್ರಿಗಿ ಎಲ್ಲಿ ಗಾಳಿ, ಸುಮ್ನ ಉಣ್ರಿ ಅಂತ ರೊಟ್ಟಿ ಹಾಕ್ದೆ. ಉಣ್ಲಿಲ್ಲ. ಮೂರನೇ ದಿನಕ್ಕ ಹೋದ್ರು. ಅದು ಬೀಸೂ ಗಾಳಿನೋ ಬಡಿಯೂ ಗಾಳಿನೋ ಇವತ್ತಿಗೂ ನಂಗ ತಿಳೀದು. ನಾ ನಕ್ಕಿದ್ದು ಒಂದೇ ತಿಳೀತದ.”

ಮುದುಕಿ ಪೆಟ್ಟಿಗೆಯನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡದ್ದು ಅವನ ಬೆನ್ನಿಗೆ ತಿಳಿಯಿತು.

“ನೀವೂ ಅದೇ ಮಾತು ಅಂದ್ರಿ. ಇನ್ನೊಮ್ಮಿ ನಗಲಿಕ್ಕಿ ನಂಗ ಧೈರ್ಯ ಆಗ್ಲಿಲ್ಲ ನನ್ನಪ್ಪ.”

ಆ ಗಾಜು ಇಲ್ಲದಿದ್ದರೆ ಆ ಮಾತು ಹಿಂದಿನ ಜೋಳದ ಹೊಲಕ್ಕೆ ಹಾರಿಹೋಗುತ್ತಿತ್ತು. ಮುದುಕಿಯೂ ಬಹುಶಃ ಅವನಿಗೆ ಕೇಳುವುದಿಲ್ಲ ಎಂದೇ ಅಂದಿರಬೇಕು. ಒಂದೊಂದು ಅಕ್ಷರವೂ ಕೇಳಿಸಿತು.

ಘತ್ತರಗಿಯಲ್ಲಿ ಬಸ್ಸಿನ ಹತ್ತಿರ ನಾವು ಕಾಯುತ್ತಿದ್ದೆವು. ಬುಲೆಟ್ ಬಂದು ನಿಂತಿತು. ಗುರಣ್ಣ ಮಾತಿನಂತೆ ಕೂಡಲೇ ಸೂಜಿ ಮತ್ತು ದಾರ ಮುಂದೆ ಚಾಚಿದ. ಕಲ್ಯಾಣಪ್ಪ ತೆಗೆದುಕೊಂಡ. ಸೂಜಿಯನ್ನು ಬೆಳಕಿಗೆ ಹಿಡಿದ. ಅವನ ಎರಡೂ ಕಣ್ಣು ತುಂಬಿ ನೀರು ಗಲ್ಲದ ಮೇಲೆ ಇಳಿಯುತ್ತಿತ್ತು. ದಾರ ಸೂಜಿಯ ಆ ಕಡೆ ಹೋಯಿತು, ಈ ಕಡೆ ಹೋಯಿತು, ಒಳಗೆ ಮಾತ್ರ ಹೋಗಲಿಲ್ಲ. ಸುಭದ್ರಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡಳು.

“ಹೋತಲ್ಲ ಮಾಮಾ,” ಎಂದ ಗುರಣ್ಣ. ಅವನ ದನಿಯಲ್ಲಿ ಖುಷಿಯೇನೂ ಇರಲಿಲ್ಲ, ಅದನ್ನು ಒಪ್ಪಬೇಕು. “ನಾಳಿ ಅವ ಗಾಡಿಗಿ ಬರ್ತಾನ.”

ಆಗ ಗಂಗಾಬಾಯಿ ಪೆಟ್ಟಿಗೆ ಹಿಡಿದುಕೊಂಡು ಗಾಡಿಯಿಂದ ಇಳಿದಳು. ಸೆರಗು ಗಾಳಿಗೆ ಸರಿದಿತ್ತು, ಎಳೆದುಕೊಳ್ಳಲಿಲ್ಲ. ಅಳಿಯನ ಎದುರಿಗೆ ಬಂದು ಮುಖ ನೋಡಿದಳು. ಆಮೇಲೆ ಅವನ ಕೈಯಿಂದ ಸೂಜಿ ತೆಗೆದುಕೊಂಡು ತನ್ನ ಸೆರಗಿಗೆ ಚುಚ್ಚಿಕೊಂಡಳು.

“ಈ ನೀರು ಗಾಳೀದಲ್ಲ, ನಂದು,” ಎಂದಳು. “ನಡೀರಿ, ಕಾಯಿ ಒಡಸ್ಕೊಂಡು ಬರೋಣ.”

ಗುರಣ್ಣನಿಗೆ ಏನೂ ಅರ್ಥವಾಗಲಿಲ್ಲ. ನನಗೂ ಆ ಹೊತ್ತಿಗೆ ಆಗಲಿಲ್ಲ. ಆದರೆ ಮೂರು ಅಮಾವಾಸ್ಯೆ ಎದೆಯ ಮೇಲಿದ್ದ ಕಲ್ಲು ಇಳಿದದ್ದು ನನಗೂ ತಿಳಿಯಿತು. ಅವತ್ತು ಗುಡಿಯಲ್ಲಿ ಪ್ರಸಾದ ಉಂಡಷ್ಟು ನಾನು ಇನ್ನೆಲ್ಲೂ ಉಂಡಿಲ್ಲ. ಕಲ್ಯಾಣಪ್ಪ ಕೈ ತೊಳೆದು ಬಂದು, ಯಾರೂ ಕೇಳದಿದ್ದರೂ, ಅತ್ತೆಯ ಸೆರಗಿನ ಸೂಜಿ ಇಸಿದುಕೊಂಡು ಒಂದೇ ಸಲಕ್ಕೆ ದಾರ ಪೋಣಿಸಿ ವಾಪಸ್ಸು ಕೊಟ್ಟ.

ಮರುದಿನ ಯಡ್ರಾಮಿಯ ಗುತ್ತಿಗೆದಾರ ಬಂದ. ಗಂಗಾಬಾಯಿ ಹಣೆಯವರೆಗೆ ಸೆರಗು ಎಳೆದು ಎಂದಿನಂತೆ ಕಂಬದ ಹಿಂದೆ ನಿಂತಳು.

“ಸುಭದ್ರಾ, ಅವ್ರಿಗಿ ಹೇಳು. ನಮ್ಮ ಗಾಡಿ ಮಾರೂದಿಲ್ಲ.”